ಮಾತಿಗೆ ಅಂಕ, ಬಾಯಿಗೆ ಬೀಗ: ‘ಅರೌಂಡ್ ದ ಹಾರ್ನ್’ ನಡೆದ ಬಗೆ, ನಿಂತ ಬಗೆ

ಐಪಿಎಲ್ ಕಾಲದಲ್ಲಿ ಸಂಜೆ ಏಳಕ್ಕೆ ಟಿವಿ ಹಾಕಿದರೆ ಮೊದಲು ಕಾಣುವುದು ಮ್ಯಾಚ್ ಅಲ್ಲ, ಚೌಕಗಳು. ಒಂದೊಂದು ಚೌಕದಲ್ಲಿ ಒಂದೊಂದು ತಲೆ. ಕೊಹ್ಲಿ ಓಪನಿಂಗ್ ಬರಬೇಕಾ, ಕೊನೆಯ ಓವರ್ ಯಾರಿಗೆ ಕೊಡಬೇಕಿತ್ತು ಎಂದು ಎಲ್ಲರೂ ಒಟ್ಟಿಗೆ ಮಾತಾಡುತ್ತಿರುತ್ತಾರೆ. ನಿರೂಪಕರು ‘ಒಂದ್ನಿಮಿಷ, ಒಂದ್ನಿಮಿಷ’ ಅನ್ನುತ್ತಿರುತ್ತಾರೆ. ಯಾರೂ ಕೇಳುವುದಿಲ್ಲ. ಇವರ ಮೈಕ್ ಆಫ್ ಮಾಡಬಾರದಾ ಅಂತ ನಿಮಗೂ ಒಮ್ಮೆ ಅನಿಸಿರುತ್ತದೆ, ಅಲ್ವಾ?

ಅಮೆರಿಕದ ಇಎಸ್‌ಪಿಎನ್ ಚಾನೆಲ್‌ನ ಒಂದು ಕಾರ್ಯಕ್ರಮದಲ್ಲಿ ನಿಜವಾಗಿಯೂ ಆಫ್ ಮಾಡುತ್ತಿದ್ದರು. ಹೆಸರು ‘ಅರೌಂಡ್ ದ ಹಾರ್ನ್’. 2002ರ ನವೆಂಬರ್ 4ರಂದು ಶುರುವಾಗಿ 2025ರ ಮೇ 23ರಂದು ಮುಗಿಯಿತು. ಒಟ್ಟು 4,953 ಸಂಚಿಕೆ. ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ. ಅಲ್ಲಿರುವ ನಮ್ಮವರು ಕೆಲವರು ‘ಒಂದು ಕಾಲ ಮುಗಿಯಿತು’ ಎಂದು ಸ್ಟೇಟಸ್ ಹಾಕಿಕೊಂಡರು. ಇಲ್ಲಿಂದ ನೋಡುವವರಿಗೆ ಇಷ್ಟು ಬೇಜಾರು ಯಾಕೆ ಎಂದು ಅರ್ಥವಾಗಲಿಲ್ಲ. ಅದು ಬರುತ್ತಿದ್ದ ಹೊತ್ತು, ಅಂದರೆ ಅಮೆರಿಕದ ಪೂರ್ವ ಕರಾವಳಿಯ ಸಂಜೆ 5 ಗಂಟೆ, ನಮಗೆ ಬೇಸಿಗೆಯಲ್ಲಿ ನಡುರಾತ್ರಿ ಎರಡೂವರೆ, ಚಳಿಗಾಲದಲ್ಲಿ ಮೂರೂವರೆ. ನೋಡಿದವರು ಎಲ್ಲಿಂದ ಸಿಗಬೇಕು? ಹಾಗಾಗಿ ಬುಡದಿಂದಲೇ ನೋಡೋಣ.

ಇದು ಬಸ್ಸಿನ ಹಾರ್ನ್ ಅಲ್ಲ

ಹೆಸರು ಬಂದಿರುವುದು ಬೇಸ್‌ಬಾಲ್‌ನಿಂದ. ಆ ಮೈದಾನದಲ್ಲಿ ಬ್ಯಾಟ್ ಹಿಡಿದವನು ನಿಲ್ಲುವ ಜಾಗವೂ ಸೇರಿ ನಾಲ್ಕು ಮೂಲೆ. ಉಳಿದ ಮೂರಕ್ಕೆ ಒಂದು, ಎರಡು, ಮೂರನೇ ಬೇಸ್ ಎನ್ನುತ್ತಾರೆ. ಮೂರನೇ ಬೇಸಿನವನು ಎರಡನೆಯವನಿಗೆ, ಅವನು ಮೊದಲನೆಯವನಿಗೆ ಚೆಂಡು ಎಸೆದು ಇಬ್ಬರನ್ನು ಔಟ್ ಮಾಡಿದರೆ ಚೆಂಡು ‘ಹಾರ್ನ್ ಸುತ್ತಿ ಬಂತು’ ಎನ್ನುತ್ತಾರೆ. ಒಬ್ಬ ಔಟಾದ ಮೇಲೆ ಫೀಲ್ಡರ್‌ಗಳು ಸುಮ್ನೆ ಖುಷಿಗೆ ಚೆಂಡನ್ನು ಕೈಯಿಂದ ಕೈಗೆ ದಾಟಿಸುವುದಕ್ಕೂ ಅದೇ ಮಾತು. ನಮ್ಮ ಕ್ರಿಕೆಟ್‌ನಲ್ಲಿ ಕೀಪರ್ ಕ್ಯಾಚ್ ಹಿಡಿದ ಮೇಲೆ ಚೆಂಡು ಸ್ಲಿಪ್‌ಗೆ ಹೋಗಿ ಪಾಯಿಂಟ್‌ಗೆ ಹೋಗುತ್ತದಲ್ಲ, ಹಾಗೆ.

ಈ ಹಾರ್ನ್ ದಕ್ಷಿಣ ಅಮೆರಿಕದ ತುತ್ತತುದಿಯ ಕೇಪ್ ಹಾರ್ನ್. 1914ರಲ್ಲಿ ಪನಾಮ ಕಾಲುವೆ ತೆರೆಯುವ ಮುಂಚೆ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಹಡಗು ಆ ತುದಿಯನ್ನು ಬಳಸಿಕೊಂಡೇ ಹೋಗಬೇಕಿತ್ತು. ದೊಡ್ಡ ಸುತ್ತು. ಕಾರ್ಯಕ್ರಮದಲ್ಲಿ ಚೆಂಡಿನ ಬದಲು ಮಾತು ಸುತ್ತುತ್ತಿತ್ತು, ಒಂದು ಊರಿನಿಂದ ಇನ್ನೊಂದು ಊರಿಗೆ.

ಒಂದು ಸಂಚಿಕೆಯ ಒಳಗೆ

ನಿರೂಪಕರು ಸ್ಟುಡಿಯೋದಲ್ಲಿ ಒಬ್ಬರೇ. ಎದುರಿನ ಪರದೆಗಳಲ್ಲಿ ನಾಲ್ಕು ಜನ ಕ್ರೀಡಾ ಪತ್ರಕರ್ತರು, ತಂತಮ್ಮ ಊರಿನಿಂದ. ಡೆನ್ವರ್‌ನಿಂದ ವುಡಿ ಪೇಜ್, ಡಲ್ಲಾಸ್‌ನಿಂದ ಟಿಮ್ ಕೌಲಿಶಾ, ಲಾಸ್ ಏಂಜಲೀಸ್‌ನಿಂದ ಬಿಲ್ ಪ್ಲಾಶ್ಕಿ, ಬಾಸ್ಟನ್‌ನಿಂದ ಬಾಬ್ ರಯಾನ್ ಅಥವಾ ಜಾಕಿ ಮ್ಯಾಕ್‌ಮುಲನ್. ಅಂದಿನ ಸುದ್ದಿಯೊಂದನ್ನು ನಿರೂಪಕರು ಎಸೆಯುತ್ತಾರೆ. ಇನ್ನು ವಾದ ಶುರು.

ವಾದ ಚೆನ್ನಾಗಿದ್ದರೆ ನಿರೂಪಕರು ಗುಂಡಿ ಒತ್ತಿ ಅಂಕ ಕೊಡುತ್ತಾರೆ. ಆ ಪತ್ರಕರ್ತರ ಚೌಕದಲ್ಲಿ ಸಂಖ್ಯೆ ಏರುತ್ತದೆ. ಜೋಕ್ ಚೆನ್ನಾಗಿದ್ದರೂ ಏರಬಹುದು. ಹಳಸಿದ ಮಾತು ಆಡಿದರೆ, ಅಂಕಿಅಂಶ ತಪ್ಪಿದರೆ, ಸುತ್ತಿ ಬಳಸಿ ಮಾತಾಡಿದರೆ ಇನ್ನೊಂದು ಗುಂಡಿ. ಅದು ಮ್ಯೂಟ್. ಅಂಕವೂ ಹೋಯಿತು, ದನಿಯೂ ಹೋಯಿತು. ಚೌಕದೊಳಗೆ ಆ ಮನುಷ್ಯ ಕೈ ಬೀಸುತ್ತಾ ಬಾಯಿ ಆಡಿಸುತ್ತಲೇ ಇರುತ್ತಾರೆ, ನಮಗೆ ಒಂದಕ್ಷರ ಕೇಳುವುದಿಲ್ಲ. ಅರವತ್ತು ದಾಟಿದ ಹಿರಿಯ ಪತ್ರಕರ್ತರೊಬ್ಬರು ಶಾಲಾ ಹುಡುಗನ ಹಾಗೆ ಬಾಯಿ ಮುಚ್ಚಿಸಿಕೊಳ್ಳುವುದನ್ನು ನೋಡುವುದರಲ್ಲಿ ಒಂದು ತಮಾಷೆ ಇತ್ತು ಎನ್ನುವುದನ್ನು ಒಪ್ಪಿಕೊಳ್ಳಬೇಕು.

ಅರ್ಧ ಗಂಟೆಯನ್ನು ಸುತ್ತುಗಳಾಗಿ ಒಡೆದಿದ್ದರು. ಮೊದಲು ದಿನದ ದೊಡ್ಡ ಸುದ್ದಿಗಳು. ಆಮೇಲೆ ‘ಬೈ ಆರ್ ಸೆಲ್’. ಷೇರು ಪೇಟೆಯಿಂದ ತಂದ ಮಾತು ಇದು. ‘ಈ ಸಲ ಈ ತಂಡ ಫೈನಲ್‌ಗೆ ಹೋಗುತ್ತದೆ’ ಎಂಬಂಥ ಒಂದು ಮಾತು ಮುಂದಿಡುತ್ತಾರೆ. ನಂಬಿದರೆ ಕೊಂಡೆ ಅನ್ನಬೇಕು, ನಂಬದಿದ್ದರೆ ಮಾರಿದೆ ಅನ್ನಬೇಕು. ಅದು ಮುಗಿಯುವ ಹೊತ್ತಿಗೆ ಕಡಿಮೆ ಅಂಕದವರು ಮನೆಗೆ. ಆಮೇಲೆ ಇನ್ನೊಬ್ಬರು. ಕೊನೆಗೆ ಉಳಿದ ಇಬ್ಬರ ನಡುವೆ ‘ಶೋಡೌನ್’, ಅಂದರೆ ಮುಖಾಮುಖಿ.

ಗೆದ್ದವರಿಗೆ ಬಹುಮಾನ ಏನು? ದುಡ್ಡಲ್ಲ, ಕಪ್ಪೂ ಅಲ್ಲ. ಕ್ಯಾಮೆರಾ ಎದುರು ಸುಮಾರು ಅರ್ಧ ನಿಮಿಷ ಒಬ್ಬರೇ, ಯಾರ ಅಡ್ಡಿಯೂ ಇಲ್ಲದೆ ಮಾತಾಡುವ ಅವಕಾಶ. ಬೇಕಾದ ವಿಷಯ. ಕೆಲವರು ತಮಾಷೆ ಮಾಡಿದರು, ಕೆಲವರು ತೀರಿಕೊಂಡ ಗೆಳೆಯರನ್ನು ನೆನೆದರು. ಮಾತಿನ ಜಾತ್ರೆಯಲ್ಲಿ ಯಾರೂ ಅಡ್ಡ ಬಾರದ ಅರ್ಧ ನಿಮಿಷಕ್ಕಿಂತ ದೊಡ್ಡ ಬಹುಮಾನ ಇನ್ನೇನಿದೆ?

ಈ ಅಂಕಗಳಿಗೆ ಲೆಕ್ಕಾಚಾರ ಇತ್ತಾ? ಇರಲಿಲ್ಲ. ನಿರೂಪಕರಿಗೆ ಹೊಳೆದಂತೆ ಕೊಡುತ್ತಿದ್ದರು. ವಾದಿಸುವವರಿಗೂ ಅದು ಗೊತ್ತು, ನೋಡುವವರಿಗೂ ಗೊತ್ತು. ಆದರೂ ಯಾರು ಮುಂದಿದ್ದಾರೆ ಎಂದು ಕಣ್ಣು ಆ ಸಂಖ್ಯೆಯ ಕಡೆಗೇ ಹೋಗುತ್ತದೆ. ಆ ಸಂಖ್ಯೆಯನ್ನು ತೆಗೆದುಬಿಟ್ಟರೆ ಉಳಿಯುವುದು ನಾಲ್ಕು ಜನರ ಹರಟೆ. ಇಟ್ಟರೆ ಆಟ.

ಕರಾವಳಿ, ಮಲೆನಾಡಿನವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಿಬಿಡಬಹುದು: ಹೆಚ್ಚುಕಮ್ಮಿ ತಾಳಮದ್ದಲೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ವಾದ. ವಾಲಿ ಸಾಯುತ್ತಾನೆ ಎಂದು ಎಲ್ಲರಿಗೂ ಗೊತ್ತು. ಆದರೆ ಸಾಯುವ ಮುಂಚೆ ರಾಮನನ್ನು ಏನು ಕೇಳುತ್ತಾನೆ, ಅದಕ್ಕೆ ರಾಮ ಹೇಗೆ ಜಾರಿಕೊಳ್ಳುತ್ತಾನೆ ಎಂದು ಕೇಳಲು ಜನ ರಾತ್ರಿಯಿಡೀ ಕೂರುತ್ತಾರೆ. ಅರ್ಥಧಾರಿಯ ಮಾತು ತೀರಾ ಉದ್ದವಾದರೆ ಭಾಗವತರು ಮುಂದಿನ ಪದ್ಯ ಎತ್ತಿಬಿಡಬಹುದು. ಅವರ ಕೈಯಲ್ಲಿ ಜಾಗಟೆ, ಇವರ ಕೈಯಲ್ಲಿ ಮ್ಯೂಟ್ ಗುಂಡಿ. ತಾಳಮದ್ದಲೆಯಲ್ಲಿ ಅಂಕ ಕೊಡುವವರು ಮಾತ್ರ ಪ್ರೇಕ್ಷಕರು, ಅದೂ ಮಾರನೇ ದಿನ ಹೋಟೆಲಿನಲ್ಲಿ.

ಇದಕ್ಕೂ ಮುಂಚೆ ಏನಿತ್ತು

ಇಎಸ್‌ಪಿಎನ್ ಎಂದರೆ ನಮ್ಮಲ್ಲಿ ಹಳಬರಿಗೆ ಸ್ಟಾರ್ ಜೊತೆ ಸೇರಿಕೊಂಡು ಕ್ರಿಕೆಟ್ ತೋರಿಸುತ್ತಿದ್ದ ಚಾನೆಲ್, ಹೊಸಬರಿಗೆ ಕ್ರಿಕ್‌ಇನ್ಫೋದ ಯಜಮಾನ. ಕ್ರಿಕ್‌ಇನ್ಫೋವನ್ನು ಅದು 2007ರಲ್ಲಿ ಕೊಂಡಿತು. ಆ ತಾಣದ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಮೂಲ ಚಾನೆಲ್ ಹುಟ್ಟಿದ್ದು 1979ರ ಸೆಪ್ಟೆಂಬರ್ 7ರಂದು, ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್ ಎಂಬ ಸಣ್ಣ ಊರಿನಲ್ಲಿ. ದಿನದ 24 ಗಂಟೆಯೂ ಬರೀ ಆಟ ತೋರಿಸುವ ಚಾನೆಲ್ ಎಂದಾಗ ಹುಚ್ಚು ಎಂದವರೇ ಜಾಸ್ತಿ.

ಪತ್ರಕರ್ತರನ್ನು ಕೂರಿಸಿ ಮಾತಾಡಿಸುವ ಯೋಚನೆ ಷಿಕಾಗೋದಿಂದ ಬಂತು. 1980ರ ದಶಕದಲ್ಲಿ ಅಲ್ಲಿನ ಒಂದು ಸ್ಥಳೀಯ ಕಾರ್ಯಕ್ರಮದಲ್ಲಿ ನಾಲ್ಕು ಜನ ಇಸ್ಪೀಟು ಆಡುವವರ ಹಾಗೆ ಮೇಜಿನ ಸುತ್ತ ಕೂತು, ಚುಟ್ಟ ಸೇದುತ್ತಾ ಊರಿನ ತಂಡಗಳನ್ನು ಬೈಯುತ್ತಿದ್ದರು. ಅದನ್ನು ನೋಡಿ ಇಎಸ್‌ಪಿಎನ್ 1988ರಲ್ಲಿ ‘ದ ಸ್ಪೋರ್ಟ್ಸ್ ರಿಪೋರ್ಟರ್ಸ್’ ಶುರು ಮಾಡಿತು. ಭಾನುವಾರ ಬೆಳಿಗ್ಗೆಯ ಗಂಭೀರ ಚರ್ಚೆ. 2017ರವರೆಗೂ ನಡೆಯಿತು.

ನಿಜವಾದ ತಿರುವು 2001ರ ಅಕ್ಟೋಬರ್ 22. ‘ಪಾರ್ಡನ್ ದ ಇಂಟರಪ್ಷನ್’ ಬಂತು. ಎಲ್ಲರೂ ಪಿಟಿಐ ಎನ್ನುತ್ತಾರೆ, ನಾವೂ ಹಾಗೇ ಅನ್ನೋಣ. (ನಮ್ಮ ಸುದ್ದಿಸಂಸ್ಥೆ ಪಿಟಿಐಗೂ ಇದಕ್ಕೂ ಸಂಬಂಧವಿಲ್ಲ.) ಟೋನಿ ಕಾರ್ನ್‌ಹೈಸರ್ ಮತ್ತು ಮೈಕಲ್ ವಿಲ್ಬನ್ ಇಬ್ಬರೂ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ಅಂಕಣಕಾರರು. ಕಚೇರಿಯಲ್ಲಿ ದಿನಾ ಜಗಳವಾಡುತ್ತಿದ್ದರು. ಆ ಜಗಳಕ್ಕೆ ಕ್ಯಾಮೆರಾ ಇಟ್ಟರು, ಅಷ್ಟೇ.

ಅಷ್ಟೇ ಎಂದೆ, ಆದರೆ ಇನ್ನೊಂದು ಇದೆ. ನಿರ್ಮಾಪಕ ಎರಿಕ್ ರಿಡ್‌ಹೋಮ್ ಅವರ ತಂಡ ಪರದೆಯ ಒಂದು ಬದಿಯಲ್ಲಿ ಮುಂದೆ ಬರಲಿರುವ ವಿಷಯಗಳ ಪಟ್ಟಿ ಹಾಕಿತು, ಜೊತೆಗೆ ಕೆಳಕ್ಕೆ ಇಳಿಯುವ ಗಡಿಯಾರ. ದರ್ಶಿನಿ ಹೋಟೆಲಿನ ಬೋರ್ಡು ನೋಡಿ ಇಡ್ಲಿ ಆದ ಮೇಲೆ ಕೇಸರಿಬಾತ್ ಇದೆ ಎಂದು ಮನಸ್ಸು ಗಟ್ಟಿಮಾಡಿಕೊಳ್ಳುತ್ತೇವಲ್ಲ, ಹಾಗೆ. ಈಗಿನ ವಿಷಯ ಬೋರಾದರೂ ಒಂದು ನಿಮಿಷದಲ್ಲಿ ಮುಗಿಯುತ್ತದೆ, ಆಮೇಲೆ ನಿಮ್ಮ ತಂಡದ ಸುದ್ದಿ ಇದೆ ಎಂದು ಗೊತ್ತಾದರೆ ರಿಮೋಟ್‌ಗೆ ಕೈ ಹೋಗುವುದಿಲ್ಲ. ಇವತ್ತು ಯಾವ ಚಾನೆಲ್ ನೋಡಿದರೂ ಈ ಪಟ್ಟಿ ಕಾಣುತ್ತದೆ.

ಪಿಟಿಐ ಐದೂವರೆಗೆ ಬರುತ್ತಿತ್ತು. ಅದಕ್ಕಿಂತ ಮುಂಚಿನ ಅರ್ಧ ಗಂಟೆಗೆ ಜೋಡಿ ಬೇಕಿತ್ತು. ಹಾಗೆ ಬಂದದ್ದು ‘ಅರೌಂಡ್ ದ ಹಾರ್ನ್’.

ಅಂಕಣಕಾರರೇ ಯಾಕೆ

ಅಮೆರಿಕದ ಪತ್ರಿಕೆಗಳಲ್ಲಿ ಕ್ರೀಡಾ ವರದಿಗಾರ ಬೇರೆ, ಅಂಕಣಕಾರ ಬೇರೆ. ನಿನ್ನೆಯ ಮ್ಯಾಚಿನಲ್ಲಿ ಏನಾಯಿತು ಎಂದು ವರದಿಗಾರ ಬರೆಯುತ್ತಾರೆ. ಯಾರ ತಪ್ಪು, ಯಾರನ್ನು ಮನೆಗೆ ಕಳಿಸಬೇಕು ಎಂದು ಅಂಕಣಕಾರ ಬರೆಯುತ್ತಾರೆ. ಅಂದರೆ ವಾರಕ್ಕೆ ಮೂರ್ನಾಲ್ಕು ಸಲ ಖಡಕ್ಕಾಗಿ ಒಂದು ಅಭಿಪ್ರಾಯ ಹೇಳುವುದೇ ಅವರ ಕೆಲಸ. ಅಂಥವರಿಗೆ ಟಿವಿಯಲ್ಲಿ ವಾದ ಮಾಡಲು ತಾಲೀಮು ಬೇಕಿಲ್ಲ.

ಇನ್ನೊಂದು ಕಾರಣ ಊರಭಿಮಾನ. ನಮಗೆ ಎರಡು ತಿಂಗಳ ಐಪಿಎಲ್‌ನಲ್ಲಿ ಮಾತ್ರ ಬೆಂಗಳೂರು, ಚೆನ್ನೈ ಎಂಬ ಜಗಳ. ಆಮೇಲೆ ಎಲ್ಲರೂ ಒಂದೇ ನೀಲಿ ಅಂಗಿ. ಅಲ್ಲಿ ವರ್ಷವಿಡೀ ಊರು ಊರಿನ ಜಗಳವೇ. ಅಮೆರಿಕನ್ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್, ಐಸ್ ಹಾಕಿ ಎಂದು ನಾಲ್ಕು ದೊಡ್ಡ ಲೀಗ್. ಬಾಸ್ಟನ್‌ನಂಥ ಊರಿಗೆ ನಾಲ್ಕರಲ್ಲೂ ತಂಡ ಇದೆ. ಲಾಸ್ ಏಂಜಲೀಸ್‌ನ ಬ್ಯಾಸ್ಕೆಟ್‌ಬಾಲ್ ತಂಡ ಲೇಕರ್ಸ್ ಸೋತ ಮಾರನೇ ದಿನ ಅದೇ ಊರಿನ ಪತ್ರಕರ್ತ ಮುಖ ಸಣ್ಣ ಮಾಡಿಕೊಂಡು ಕೂತಿದ್ದರೆ, ಬಾಸ್ಟನ್ ಚೌಕದಲ್ಲಿ ನಗು. ಇದನ್ನು ಯಾರೂ ಬರೆದುಕೊಡಬೇಕಿಲ್ಲ.

ವುಡಿ ಪೇಜ್ ಬಗ್ಗೆ ಒಂದು ಮಾತು ಹೇಳಲೇಬೇಕು. ‘ಡೆನ್ವರ್ ಪೋಸ್ಟ್’ನ ಅಂಕಣಕಾರರು, ಕಾರ್ಯಕ್ರಮ ಶುರುವಾದಾಗಲೇ ಐವತ್ತೈದು ದಾಟಿದ್ದರು. ಅವರ ಹಿಂದೆ ಒಂದು ಕಪ್ಪು ಹಲಗೆ. ಅದರ ಮೇಲೆ ದಿನಾ ಸೀಮೆಸುಣ್ಣದಲ್ಲಿ ಬರೆದ ಒಂದು ಚಟಾಕಿ. ಚರ್ಚೆಗೂ ಅದಕ್ಕೂ ಸಂಬಂಧವೇ ಇರುತ್ತಿರಲಿಲ್ಲ. ಜನ ಮೊದಲು ಓದುತ್ತಿದ್ದುದೇ ಅದನ್ನು. 600ಕ್ಕೂ ಜಾಸ್ತಿ ಸಲ ಗೆದ್ದ ಅವರನ್ನು ಯಾರೂ ಹಿಂದೆ ಹಾಕಲಿಲ್ಲ.

ಗುಂಡಿ ಒತ್ತುವವರು

ಮೊದಲ ನಿರೂಪಕ ಮ್ಯಾಕ್ಸ್ ಕೆಲ್ಲರ್‌ಮನ್. ಬಾಕ್ಸಿಂಗ್ ಪಂಡಿತ, ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಶುರುವಿನಲ್ಲಿ ವಿಮರ್ಶಕರು ಬೈದರು. ಬರೀ ಕಿರುಚಾಟ, ಪತ್ರಿಕೋದ್ಯಮವೇ ಅಲ್ಲ ಎಂದರು. ಬೇರೆ ಚಾನೆಲ್ ಕರೆದಾಗ ಕೆಲ್ಲರ್‌ಮನ್ ಹೋದರು.

2004ರ ಫೆಬ್ರುವರಿಯಲ್ಲಿ ಟೋನಿ ರಿಯಾಲಿ ಬಂದರು. ವಯಸ್ಸು 25. ಅದುವರೆಗೆ ಅವರು ಪಿಟಿಐನಲ್ಲಿ ‘ಸ್ಟ್ಯಾಟ್ ಬಾಯ್’, ಅಂದರೆ ಅಂಕಿಅಂಶದ ಹುಡುಗ. ದೊಡ್ಡವರಿಬ್ಬರು ಅರ್ಧ ಗಂಟೆ ಜಗಳವಾಡಿದ ಮೇಲೆ ಕೊನೆಗೆ ಬಂದು ‘ನೀವು ಹೇಳಿದ ವರ್ಷ ತಪ್ಪು, ಆ ಆಟಗಾರನ ಹೆಸರು ತಪ್ಪು’ ಎಂದು ಪಟ್ಟಿ ಓದುವುದು ಅವರ ಕೆಲಸವಾಗಿತ್ತು. ತಪ್ಪು ಹಿಡಿಯುವ ಹುಡುಗನ ಕೈಗೆ ಮ್ಯೂಟ್ ಗುಂಡಿ ಕೊಟ್ಟರೆ ಹೇಗಿರುತ್ತದೆ? 21 ವರ್ಷ ಅವರೇ ನಡೆಸಿದರು.

ಕೆಲ್ಲರ್‌ಮನ್ ತಾವೂ ವಾದಕ್ಕೆ ಇಳಿಯುವ ಸ್ವಭಾವದವರು. ರಿಯಾಲಿ ನಿಧಾನವಾಗಿ ಮೇಷ್ಟ್ರ ಥರ ಆದರು, ಹೆಚ್ಚು ನಗುವ ಮೇಷ್ಟ್ರು. ಕಾರ್ಯಕ್ರಮದ ದನಿಯೂ ಬದಲಾಯಿತು. ಮೊದಲ ವರ್ಷಗಳಲ್ಲಿ ಬಹುಪಾಲು ಮಧ್ಯವಯಸ್ಸು ದಾಟಿದ ಗಂಡಸರೇ ಇದ್ದ ಚೌಕಗಳಿಗೆ ಆಮೇಲೆ ಬೊಮಾನಿ ಜೋನ್ಸ್, ಪಾಬ್ಲೊ ಟೊರೆ, ಮೀನಾ ಕೈಮ್ಸ್, ಸಾರಾ ಸ್ಪೇನ್ ಮುಂತಾದವರು ಬಂದರು. ಕೂಗಾಟ ಕಡಿಮೆಯಾಗಿ, ಆಟದ ಸುತ್ತಲಿನ ದುಡ್ಡು, ಜನಾಂಗ, ಆರೋಗ್ಯದ ಮಾತು ಜಾಸ್ತಿಯಾಯಿತು. ಕೆಲವರಿಗೆ ಇದು ಇಷ್ಟವಾಯಿತು, ಕೆಲವರು ‘ಬರೀ ಆಟದ ಮಾತಾಡಿ ಸಾಕು’ ಎಂದರು.

2018ರಲ್ಲಿ ರಿಯಾಲಿ ದಂಪತಿಗೆ ಅವಳಿ ಗಂಡುಮಕ್ಕಳು ಹುಟ್ಟಿದರು, ಒಂದು ಮಗು ಉಳಿಯಲಿಲ್ಲ. ರಜೆ ಮುಗಿಸಿ ಬಂದ ರಿಯಾಲಿ ಅದನ್ನು ಕಾರ್ಯಕ್ರಮದಲ್ಲೇ ನೋಡುಗರಿಗೆ ಹೇಳಿಕೊಂಡರು. ದಿನಾ ಸಂಜೆ ಮನೆಗೆ ಬರುವ ಒಬ್ಬ ಮನುಷ್ಯ ಕಷ್ಟ ಹೇಳಿಕೊಂಡಂತೆ ಅದು ಜನರನ್ನು ತಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಸ್ಟುಡಿಯೋ ವಾಷಿಂಗ್ಟನ್‌ನಿಂದ ನ್ಯೂಯಾರ್ಕಿನ ಬಂದರಿನ ಹತ್ತಿರದ ಹೊಸ ಕಟ್ಟಡಕ್ಕೆ ಹೋಯಿತು. 2020ರ ಕೋವಿಡ್ ಕಾಲದಲ್ಲಿ ಎಲ್ಲರೂ ಮನೆಯಿಂದಲೇ. ನಾವೆಲ್ಲ ಆ ವರ್ಷ ಜೂಮ್‌ನಲ್ಲಿ ‘ಸಾರ್, ನೀವು ಮ್ಯೂಟ್‌ನಲ್ಲಿದ್ದೀರಿ’ ಎಂದು ಹೇಳುವುದನ್ನು ಕಲಿತೆವು. ಇವರು ಚೌಕದಲ್ಲಿ ಕೂತು ಮ್ಯೂಟ್ ಆಗುವುದನ್ನು 2002ರಿಂದಲೇ ಮಾಡುತ್ತಿದ್ದರು.

ಮಾತು ಅಗ್ಗ, ಮ್ಯಾಚ್ ದುಬಾರಿ

ಕ್ರೀಡಾ ಚಾನೆಲ್‌ಗೆ ಇಷ್ಟೊಂದು ಮಾತು ಯಾಕೆ ಬೇಕು? ವಾರಕ್ಕೆ 168 ಗಂಟೆ. ಎಲ್ಲಕ್ಕೂ ಲೈವ್ ಮ್ಯಾಚ್ ಸಿಗುವುದಿಲ್ಲ. ಸಿಗುವ ಮ್ಯಾಚಿಗೆ ಕೊಡುವ ದುಡ್ಡು ಕೇಳಿದರೆ ತಲೆ ತಿರುಗುತ್ತದೆ. ಅಲ್ಲಿನ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ರಸಾರದ ಹಕ್ಕು 2025ರಿಂದ 11 ವರ್ಷಕ್ಕೆ ಸುಮಾರು 7,600 ಕೋಟಿ ಡಾಲರ್‌ಗೆ ಹೋಗಿದೆ. ಇಎಸ್‌ಪಿಎನ್‌ನ ಯಜಮಾನ ಡಿಸ್ನಿ, ಎನ್‌ಬಿಸಿ ಮತ್ತು ಅಮೆಜಾನ್ ಮೂರೂ ಸೇರಿ ಕೊಡುವ ದುಡ್ಡು ಅದು.

ಮದುವೆ ಊಟದ ಲೆಕ್ಕ ನೆನಪಿಸಿಕೊಳ್ಳಿ. ಹೋಳಿಗೆ ಬಡಿಸುವುದು ಒಂದು ಸುತ್ತು, ತುಪ್ಪ ಹಾಕಿಸಿಕೊಳ್ಳುವವರೂ ಲೆಕ್ಕ ಇಟ್ಟಿರುತ್ತಾರೆ. ಹೊಟ್ಟೆ ತುಂಬುವುದು ಅನ್ನ ಸಾರಿನಿಂದ. ಲೈವ್ ಮ್ಯಾಚು ಹೋಳಿಗೆ. ಹರಟೆಗೆ ಬೇಕಾದ್ದು ಒಂದು ಸ್ಟುಡಿಯೋ, ಕೆಲವು ಸಂಬಳ. ಹಕ್ಕು ಕೊಳ್ಳಬೇಕಿಲ್ಲ. ಮಳೆ ಬಂದು ಆಟ ನಿಂತರೂ ಹರಟೆ ನಿಲ್ಲುವುದಿಲ್ಲ. ಸಂಜೆ ಐದರ ಹೊತ್ತು ಅದಕ್ಕೆ ಹೇಳಿ ಮಾಡಿಸಿದ್ದು: ನಿನ್ನೆಯ ಮ್ಯಾಚು ಇನ್ನೂ ಬಿಸಿಯಾಗಿದೆ, ಇವತ್ತಿನದು ಶುರುವಾಗಿಲ್ಲ.

ಚಾನೆಲ್‌ಗೆ ದುಡ್ಡು ಬರುವುದು ಎರಡು ಕಡೆಯಿಂದ. ಒಂದು ಜಾಹೀರಾತು. ಇನ್ನೊಂದು, ಕೇಬಲ್ ಇರುವ ಪ್ರತಿ ಮನೆಯಿಂದ ತಿಂಗಳಿಗಿಷ್ಟು. ನೋಡಲಿ, ಬಿಡಲಿ. ನಾವು ಡಿಟಿಎಚ್ ಪ್ಯಾಕ್‌ನಲ್ಲಿ ಒಮ್ಮೆಯೂ ಹಾಕದ ಚಾನೆಲ್‌ಗೆ ದುಡ್ಡು ಕಟ್ಟುವುದಿಲ್ಲವೇ, ಹಾಗೇ. 2011ರ ಸುಮಾರಿಗೆ ಇಎಸ್‌ಪಿಎನ್ 10 ಕೋಟಿ ಮನೆಗಳಲ್ಲಿತ್ತು. ಆಮೇಲೆ ಜನ ಕೇಬಲ್ ತಂತಿ ಕಿತ್ತು ಇಂಟರ್‌ನೆಟ್‌ಗೆ ಹೋದರು. ಆ ಸಂಖ್ಯೆ ವರ್ಷ ವರ್ಷ ಇಳಿಯಿತು.

ನಿಂತದ್ದು ಯಾಕೆ

ಇಎಸ್‌ಪಿಎನ್ 2025ರ ಮಾರ್ಚ್‌ನಲ್ಲಿ ಕಾರ್ಯಕ್ರಮ ನಿಲ್ಲಿಸುವುದಾಗಿ ಹೇಳಿತು. ಕೇಬಲ್ ಸೊರಗಿದ್ದು ಅದರ ಹಿನ್ನೆಲೆ, ಆದರೆ ಪೂರ್ತಿ ಕಥೆ ಅಲ್ಲ. ನನಗೆ ಕಾಣುವ ಹಾಗೆ ಇದರ ಕೆಳಗಿನ ನೆಲವೇ ಸರಿದಿತ್ತು.

ಊರಿಗೊಂದು ದೊಡ್ಡ ಪತ್ರಿಕೆ, ಅದಕ್ಕೊಬ್ಬ ಹೆಸರಾಂತ ಅಂಕಣಕಾರ ಇರುತ್ತಾನೆ ಎಂಬುದರ ಮೇಲೆ ಕಟ್ಟಿದ ಕಾರ್ಯಕ್ರಮ ಅದು. ವುಡಿ ಪೇಜ್ ಊರಿನಲ್ಲೇ ಎದುರಾಳಿ ಪತ್ರಿಕೆ ‘ರಾಕಿ ಮೌಂಟೇನ್ ನ್ಯೂಸ್’ 2009ರ ಫೆಬ್ರುವರಿ 27ರಂದು ಮುಚ್ಚಿತು. ಇನ್ನೆರಡು ತಿಂಗಳಿಗೆ 150 ವರ್ಷ ತುಂಬುತ್ತಿತ್ತು. 2023ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ತನ್ನ ಕ್ರೀಡಾ ವಿಭಾಗವನ್ನೇ ಮುಚ್ಚಿ, ತಾನು ಕೊಂಡಿದ್ದ ಕ್ರೀಡಾ ಸುದ್ದಿತಾಣ ‘ದ ಅಥ್ಲೆಟಿಕ್’ಗೆ ಆ ಕೆಲಸ ಕೊಟ್ಟಿತು. ಅದೇ ವರ್ಷ ಪ್ಲಾಶ್ಕಿ ಅವರ ‘ಲಾಸ್ ಏಂಜಲೀಸ್ ಟೈಮ್ಸ್’ ಅಚ್ಚಿನಲ್ಲಿ ನಿನ್ನೆಯ ಮ್ಯಾಚಿನ ಸ್ಕೋರು, ವರದಿ ಹಾಕುವುದನ್ನು ಬಿಟ್ಟಿತು. ಪತ್ರಿಕೆ ಬೇಗ ಅಚ್ಚಿಗೆ ಹೋಗಬೇಕು, ಮ್ಯಾಚು ರಾತ್ರಿ ಮುಗಿಯುವುದು ತಡ. ಚೌಕದೊಳಗೆ ಕೂತವರು ಬರಬರುತ್ತಾ ಊರಿನ ಪತ್ರಿಕೆಯವರಲ್ಲ, ಚಾನೆಲ್‌ನವರೇ ಅಥವಾ ಪಾಡ್‌ಕಾಸ್ಟ್ ಮಾಡುವವರು ಆದರು.

ಚರ್ಚೆಯ ರೂಪವೂ ಬದಲಾಯಿತು. ‘ಫಸ್ಟ್ ಟೇಕ್’ ಎಂಬ ಇನ್ನೊಂದು ಕಾರ್ಯಕ್ರಮದಲ್ಲಿ ಸ್ಟೀಫನ್ ಎ. ಸ್ಮಿತ್ ಒಬ್ಬರೇ ಆನೆ. ಎದುರು ಯಾರು ಕೂತರೂ ಜನ ಬರುವುದು ಅವರಿಗಾಗಿ. ಮಾಜಿ ಫುಟ್‌ಬಾಲ್ ಆಟಗಾರ ಪ್ಯಾಟ್ ಮೆಕ್‌ಅಫಿ ಯೂಟ್ಯೂಬ್‌ನಲ್ಲಿ ಬೆಳೆಸಿದ್ದ ಹರಟೆಯನ್ನು 2023ರಲ್ಲಿ ಇಎಸ್‌ಪಿಎನ್ ಇಡಿಯಾಗಿ ಒಳಗೆ ತಂದಿತು. ಅಲ್ಲಿ ಗಂಟೆಗಟ್ಟಲೆ ಮಾತು, ಗಡಿಯಾರವಿಲ್ಲ, ತೋಳಿಲ್ಲದ ಬನಿಯನ್. ಕಾಲ ಒಬ್ಬ ತಾರೆಯ ಕಡೆ ವಾಲಿತ್ತು. ನಾಲ್ವರಿಗೆ ಸಮನಾಗಿ ಹಂಚಿದ ಅರ್ಧ ಗಂಟೆಯಲ್ಲಿ ತಾರೆ ಹುಟ್ಟುವುದು ಕಷ್ಟ. ಮೊಬೈಲ್‌ನಲ್ಲಿ ಓಡುವ ತುಣುಕಿಗೂ ಅದು ಒಗ್ಗಲಿಲ್ಲ. ಅಂಕ, ಸುತ್ತು, ಮ್ಯೂಟ್ ಎಲ್ಲ ಕೂಡಿ ಒಂದು ಆಟ ಅದು. ಮೂವತ್ತು ಸೆಕೆಂಡು ಕತ್ತರಿಸಿ ತೆಗೆದರೆ ಯಾಕೆ ಅಂಕ ಬಂತು ಎಂದೇ ಗೊತ್ತಾಗುವುದಿಲ್ಲ.

ನೋಡುವವರೇ ಇರಲಿಲ್ಲ ಎಂದು ಮಾತ್ರ ತಿಳಿಯಬೇಡಿ. ಕೊನೆಯ ವಾರಗಳಲ್ಲಿ ಹಳೆಯ ಮುಖಗಳೆಲ್ಲ ಒಂದೊಂದಾಗಿ ಚೌಕಗಳಿಗೆ ಮರಳಿದವು. ಕಾರ್ಯಕ್ರಮದ ಜೊತೆಗೇ ರಿಯಾಲಿ ಚಾನೆಲ್ ಬಿಟ್ಟರು. ಪ್ರತಿ ಸಂಚಿಕೆಯ ಕೊನೆಗೂ ಅವರು ‘ಇನ್ನು ಇಪ್ಪತ್ತಮೂರೂವರೆ ಗಂಟೆ ವಿರಾಮ’ ಎನ್ನುತ್ತಿದ್ದರು. ಅರ್ಧ ಗಂಟೆ ಕಳೆದು ಉಳಿದ ದಿನದ ಲೆಕ್ಕ ಅದು. ಐದು ಗಂಟೆಯ ಜಾಗಕ್ಕೆ ಆಮೇಲೆ ಸುದ್ದಿಯ ‘ಸ್ಪೋರ್ಟ್ಸ್‌ಸೆಂಟರ್’ ಬಂತು. ಅದಾದ ಮೇಲೆ ಐದೂವರೆಗೆ ಪಿಟಿಐ. ಕಾರ್ನ್‌ಹೈಸರ್, ವಿಲ್ಬನ್ ಇಬ್ಬರೂ ‘ವಾಷಿಂಗ್ಟನ್ ಪೋಸ್ಟ್’ ಬಿಟ್ಟು ಎಷ್ಟೋ ಕಾಲವಾಯಿತು. ಜಗಳ ಬಿಟ್ಟಿಲ್ಲ.